ಎಡಗಿವಿಯ ಮೂರು ದಿನ

ಮೂರು ವರ್ಷಗಳ ಹಿಂದೆ, ನನ್ನ ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿದ್ದಾಗಿನ ಮಾತು. ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವವಳು. ಒಂದು ಶುಕ್ರವಾರ ಮಧ್ಯಾಹ್ನ ಅಜ್ಜಂಪುರದ ಕಡೆಯ ವೀರಗಾಸೆ ಕಲಾವಿದ ರುದ್ರಪ್ಪ ಫೋನ್ ಮಾಡಿದರು. ಅವರ ತಂಡದ ಚಮಾಳವೆಂಬ ಚರ್ಮವಾದ್ಯದ ಬಡಿತವನ್ನು ರೆಕಾರ್ಡ್ ಮಾಡಲು ನಾರ್ವೆಯ ಡ್ರಮ್ಮರ್, ಸಂಗೀತ ನಿರ್ಮಾಪಕ ಎರಿಕ್ ಬಂದು ಅವರ ಮನೆಯಲ್ಲೇ ಉಳಿದಿದ್ದರು.

"ಮೇಡಮ್ಮೋರೇ, ಬೆಳಗ್ಗೆ ಎದ್ದಾಗ್ಲಿಂದ ಇವ್ರಿಗೆ ಎಡಗಿವಿ ಕೇಳ್ತಾ ಇಲ್ಲಂತೆ ಕಣ್ರೀ."

ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. "ಗುಗ್ಗೆ ಕಟ್ಟಿರುತ್ತೆ. ಸೋಮವಾರ ಕರ್ಕೊಂಡ್ಬನ್ನಿ" ಎಂದು ಫೋನ್ ಇಟ್ಟೆ. ಬಹಳ ಜನಕ್ಕೆ ಆಗುವುದು ಅದೇ ಎಂಬ ಹುಂಬ ಧೈರ್ಯ.

ಸೋಮವಾರ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ. ಗುಗ್ಗೆ ಒಂದು ಚೂರೂ ಇರಲಿಲ್ಲ. ಟ್ಯೂನಿಂಗ್ ಫೋರ್ಕ್ ಮಿಡಿದು ಎರಿಕ್ ಅವರ ಹಣೆಯ ನಡುವೆ ಇಟ್ಟೆ. ಕಿವಿ ಬರೀ ಮುಚ್ಚಿಕೊಂಡಿದ್ದರೆ ಸದ್ದು ಆ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ನರ ಕೈಕೊಟ್ಟಿದ್ದರೆ ಒಳ್ಳೆಯ ಕಿವಿಯಲ್ಲಿ. ಎಡಕ್ಕೇ ಕೇಳಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಎರಿಕ್ ಬಲಗಿವಿ ಮುಟ್ಟಿ ತೋರಿಸಿದರು.

ಇಂಥ ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಆದಷ್ಟು ಬೇಗ ಶುರುವಾಗಬೇಕು. ಮೂರು ದಿನವನ್ನು ನಾನೇ ಕಳೆದಿದ್ದೆ. ಕಿವಿಯಿಂದಲೇ ಅನ್ನ ತಿನ್ನುವ ಮನುಷ್ಯ ಎದುರಿಗೆ ಕೂತಿದ್ದರು.

ರುದ್ರಪ್ಪ ಬಾಗಿಲ ಬಳಿಯೇ ನಿಂತಿದ್ದರು. "ನಮ್ ಚಮಾಳದ ಸದ್ದಿಗೇ ಹೋಯ್ತೇನ್ರೀ? ಹಂಗಾದ್ರೆ ನಾನಿನ್ನು ಅದನ್ನ ಮುಟ್ಟಲ್ಲ."

'ಇರಬಹುದು' ಎಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತೆಂದು ಬರೆಯಲು ಈಗಲೂ ನಾಚಿಕೆ.

"ಚಮಾಳದಿಂದ ಅಂತ ನಂಗನ್ಸಲ್ಲ. ಆದ್ರೆ ತಡ ಆಗಿದ್ದು ನನ್ನಿಂದ" ಎಂದೆ. ಎರಿಕ್‌ಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಅವರು ಶುಕ್ರ, ಶನಿ, ಭಾನು ಎಂದು ಬೆರಳು ಮಡಚಿ ಎಣಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಅರ್ಧ ಗಂಟೆಯಲ್ಲಿ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ಎರಿಕ್ ಎಡಗಿವಿಯ ಪಕ್ಕ ಚಿಟಿಕೆ ಹೊಡೆದು ನೋಡಿಕೊಳ್ಳುತ್ತಿದ್ದರು. ಕಿವಿತಜ್ಞರು ಅಂದೇ ಚಿಕಿತ್ಸೆ ಆರಂಭಿಸಿದರು. ಮೂರು ವಾರದಲ್ಲಿ ಡ್ರಮ್ಮಿನ ದಪ್ಪ ಸದ್ದುಗಳು ಮರಳಿದವು. ಸಿಂಬಲ್ ಎಂಬ ಕಂಚಿನ ತಟ್ಟೆಯದರಂಥ ತೆಳು ಸದ್ದುಗಳು ಮರಳಲಿಲ್ಲ.

ನೋಡದೆ ರೋಗಿಗೆ ಧೈರ್ಯ ಹೇಳಬಾರದು. ಓದುವಾಗಲೇ ಕಲಿತಿದ್ದ ಈ ಪಾಠ ನನ್ನ ಮೈಗೆ ಹತ್ತಿದ್ದು ನಿವೃತ್ತಿಯ ಅಂಚಿನಲ್ಲಿ.

ಕೊನೆಯ ತಪಾಸಣೆಯ ದಿನ ಎರಿಕ್ ಕೇಳಿದರು: "ಶುಕ್ರವಾರವೇ ಬಂದಿದ್ದರೆ ಪೂರ್ತಿ ವಾಸಿಯಾಗುತ್ತಿತ್ತೆ?"

ನಾನು ಅವರ ಎಡಕ್ಕೆ ಕೂತಿದ್ದೆ. "ಆಗಬಹುದಿತ್ತು" ಎಂದೆ, ಮೆಲ್ಲಗೆ.

ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿ, ಇನ್ನೊಮ್ಮೆ ಹೇಳಿ ಎಂದರು.