ತೆರೆದ ಬಾಗಿಲು, ನಿಲ್ಲದ ಬೆಲ್ಟು

ಹನುಮವ್ವ, ನೀನು ಬಾಗಿಲು ತೆಗೆದಿದ್ದು ನಿಜ. ಬೆಲ್ಟು ನಿಲ್ಲದೆ ಹೋಗಿದ್ದು ನನ್ನಿಂದ. ಮೂರು ವರ್ಷ ಇದನ್ನು ಮುಚ್ಚಿಟ್ಟೆ. ಇನ್ನು ಮುಚ್ಚಿಡುವುದಿಲ್ಲ — ಯಾರು ಏನೇ ಹೇಳಲಿ.

ಗಂಗಾವತಿ ಹತ್ತಿರದ ಆ ಅಕ್ಕಿ ಗಿರಣಿಗೆ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಭತ್ತವನ್ನು ಮೇಲಕ್ಕೆತ್ತುವ ಬೆಲ್ಟು ತಿರುಗುವ ತಗ್ಗಿಗೆ ಒಂದು ಕಬ್ಬಿಣದ ಬಾಗಿಲಿತ್ತು. ತೆಗೆದರೆ ಸೆನ್ಸರ್ ಸುದ್ದಿ ಕೊಡುತ್ತದೆ, ಪ್ರೋಗ್ರಾಂ ಬೆಲ್ಟನ್ನು ನಿಲ್ಲಿಸುತ್ತದೆ. ಹಾಗಾಗಿ ಸ್ವಿಚ್ ಆರಿಸುವ ರೂಢಿಯೇ ಅಲ್ಲಿ ದುಡಿಯುವ ನಿಮಗೆಲ್ಲ ತಪ್ಪಿತ್ತು. ಬಾಗಿಲು ತೆಗೆ, ಕೈ ಹಾಕಿ ಸಿಕ್ಕಿಕೊಂಡ ಭತ್ತ ಬಳಿದು ತೆಗೆ — ಹಾಗೆಂದು ನಿನಗೆ ಕಲಿಸಿದವಳೂ ನಾನೇ.

ಆ ದಿನ ಸೆನ್ಸರ್ ಮೇಲೆ ಧೂಳು ಕೂತಿತ್ತು. ಬಾಗಿಲು ಮುಚ್ಚಿದ್ದರೂ ಬೆಲ್ಟು ಮತ್ತೆ ಮತ್ತೆ ನಿಲ್ಲುತ್ತಿತ್ತು. ತೊಟ್ಟಿಯಲ್ಲಿ ನೆನೆದ ಭತ್ತ ಕಾಯುತ್ತಿತ್ತು.

"ಭತ್ತ ಹುಳಿ ವಾಸನಿ ಹೊಡದ್ರ ನೀ ಉಣ್ತಿಯೇನವಾ ಇಂಜಿನಿಯರಮ್ಮ? ನಿಲ್ಲಸಬ್ಯಾಡ," ಎಂದರು ಮಾಲೀಕರು.

ನಿಲ್ಲಿಸಲಿಲ್ಲ. ಓಡುತ್ತಿರುವಾಗಲೇ ಪ್ರೋಗ್ರಾಂ ಕಂಪ್ಯೂಟರಿನ ಮೆಮೊರಿಯಲ್ಲಿನ ತನ್ನ ಆದೇಶಗಳನ್ನು ತಾನೇ ತಿದ್ದಿಕೊಳ್ಳುವಂತೆ ನಾನೊಂದು ದಾರಿ ಇಟ್ಟಿದ್ದೆ — ಓದಿದವಳ ಜಾಣತನ, ಯಾರಿಗೂ ಹೇಳಿರಲಿಲ್ಲ. 'ಬಾಗಿಲು ತೆರೆದರೆ ನಿಲ್ಲು' ಎಂಬ ಯಂತ್ರಭಾಷೆಯ ಆದೇಶದ ಮೇಲೆ 'ಏನೂ ಮಾಡಬೇಡ' ಎಂದು ಬರೆಸಿದೆ. ಎರಡೇ ಬೈಟು. ಬೆಲ್ಟು ಸರಾಗ ಓಡಿತು. ಮಾಲೀಕರು ಚಹಾ ತರಿಸಿದರು. ನಿನಗೊಂದು ಮಾತು ಹೇಳಿ ಬರಬೇಕಿತ್ತು — ಹತ್ತು ಹೆಜ್ಜೆ — ಚಹಾ ಕುಡಿಯುತ್ತ ಕೂತೆ.

ಆಮೇಲೆ ನಿನ್ನ ಕೂಗು. ಕಂಪ್ಯೂಟರ್ ಕೋಣೆಯ ಗಾಜಿನಾಚೆ ನೀನು, ತೆರೆದ ಬಾಗಿಲು, ಅದರೊಳಗೆ ತಿರುಗುತ್ತಲೇ ಇದ್ದ ಬೆಲ್ಟು — ಇವತ್ತಿಗೂ ಕಣ್ಣು ಮುಚ್ಚಿದರೆ ಅದು ನಿಲ್ಲುವುದಿಲ್ಲ. ಆಪರೇಟರ್ ಮೆಹಬೂಬ್ ಓಡಿಬಂದು ಮೇನ್ ಸ್ವಿಚ್ ಎಳೆದ. ಕೈ ಉಳಿಯಿತು, ಮೂರು ಬೆರಳು ಹೋದವು. ಕರೆಂಟ್ ಹೋದೊಡನೆ ಮೆಮೊರಿಯಲ್ಲಿದ್ದ ನನ್ನ ತಿದ್ದುಪಡಿಯೂ ಅಳಿಸಿಹೋಯಿತು. ಡಿಸ್ಕಿನಲ್ಲಿದ್ದ ಪ್ರೋಗ್ರಾಂ ಮೊದಲಿನಂತೆಯೇ ಇತ್ತು.

ವಿಚಾರಣೆಯ ದಿನ ಕಾರ್ಖಾನೆ ಇಲಾಖೆಯವರು ಸೆನ್ಸರ್ ಒರೆಸಿ, ಕಂಪ್ಯೂಟರ್ ಚಾಲೂ ಮಾಡಿ, ಬಾಗಿಲು ತೆಗೆದು ನೋಡಿದರು. ಬೆಲ್ಟು ನಿಂತಿತು.

"ನೋಡವಾ, ಹೆಂಗ ಗಪ್ಪನ ನಿಂತೈತಿ. ಬಾಗಲಾ ತಗೀದ ನೀನ ಸಂದ್ಯಾಗ ಕೈ ತುರುಕೀದಿ," ಎಂದರು ಮಾಲೀಕರು.

"ನನ್ನ ಮಗನ ಆಣಿ, ಬಾಗಲಾ ತಗದಿದ್ನಿರಿ," ಎಂದೆ ನೀನು. ಪಟ್ಟಿ ಕಟ್ಟಿದ ಕೈ ಎತ್ತಿ ನನ್ನ ಕಡೆ ತಿರುಗಿದೆ. "ಅಕ್ಕಾರ, ನೀವು ಓದಿದವ್ರು. ನೀವರ ಹೇಳ್ರಿ."

ನಾನು ಪರದೆ ನೋಡುತ್ತ ಹೇಳಿದೆ: "ಪ್ರೋಗ್ರಾಂ ಸರಿ ಐತ್ರಿ."

ಅಂದಿನಿಂದ ಸಿದ್ದಾಪುರದ ನಿನ್ನ ಓಣಿಯಲ್ಲಿ ನೀನು ಸುಳ್ಳುಬುರುಕಿ. ಬೆರಳಿಗಿಂತ ಅದೇ ಹೆಚ್ಚು ನೋಯುತ್ತದೆ ಎಂದೆಯಂತೆ, ಮೆಹಬೂಬ್ ಹೇಳಿದ.

ಕಳೆದ ವಾರ ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಕ್ಕರು. "ಪುರಾವೆ ಎಲ್ಲೈತವಾ? ಕರೆಂಟ್ ಜೋಡಿ ಹೋಗೈತಿ. ಸುಮ್ನ ಯಾಕ ಹೆಸರು ಕೆಡಿಸ್ಕೊಂತಿ?"

ಕೆಡಲಿ. ಇದೆಲ್ಲ ಬರೆದು, ಸಹಿ ಹಾಕಿ, ವಿಚಾರಣೆ ಮಾಡಿದ ಕಚೇರಿಗೆ ಕೊಟ್ಟಿದ್ದೇನೆ. ಅದೇ ಪ್ರೋಗ್ರಾಮಿಗೆ ಒಂದು ಸಣ್ಣ ಮೋಟರು, ಒಂದು ಬಾಗಿಲು ಜೋಡಿಸಿದ್ದೇನೆ. ಸೋಮವಾರ ಅದನ್ನು ನಿನ್ನ ಓಣಿಯ ಕಟ್ಟೆಯ ಮೇಲಿಟ್ಟು, ನಿನ್ನನ್ನು ಸುಳ್ಳುಬುರುಕಿ ಅಂದವರನ್ನೆಲ್ಲ ಕರೆಯುತ್ತೇನೆ. ಆ ಎರಡು ಬೈಟು ಅವರೆದುರೇ ತಿದ್ದುತ್ತೇನೆ. ಬಾಗಿಲನ್ನು ಅವರ ಕೈಯಿಂದಲೇ ತೆಗೆಸುತ್ತೇನೆ. ಮೋಟರು ತಿರುಗುತ್ತಲೇ ಇರುತ್ತದೆ. ಆಗ ಎಲ್ಲರೂ ನನ್ನನ್ನು ನೋಡಲಿ.

ನೀನು ಬರಬೇಕಿಲ್ಲ, ಹನುಮವ್ವ. ನೀನು ಅದನ್ನು ಒಮ್ಮೆ ನೋಡಿದ್ದೀಯ.