ಜೆಟ್ಟಿನ ಬಾಲದ ಬಟ್ಟೆ

ಯಾವ ಬಟ್ಟೆ ಕೈಗೆ ಕೊಟ್ಟರೂ ಅವರು ಮೊದಲು ಅದನ್ನು ತುಟಿಗೆ ಒತ್ತಿ ಹಿಡಿದು ಊದುತ್ತಿದ್ದರು. ಎಡಗೈಯನ್ನು ಬಟ್ಟೆಯ ಆಚೆ ಬದಿಗೆ ಒಡ್ಡಿ, ಕಣ್ಣು ಮುಚ್ಚಿ, ಉಸಿರು ಎಷ್ಟು ದಾಟಿ ಬಂತೆಂದು ಅಂಗೈಯಲ್ಲಿ ನೋಡುತ್ತಿದ್ದರು. ಊದುವಾಗ ಬಿಳಿ ಮೀಸೆ ಎರಡೂ ಕಡೆ ಎದ್ದು ನಿಲ್ಲುತ್ತಿತ್ತು, ಹಣೆಯ ವಿಭೂತಿ ಸುಕ್ಕಾಗುತ್ತಿತ್ತು. ಟಾರ್ಪಾಲು, ಪರದೆ, ದಿಂಬಿನ ಚೀಲ, ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಅಂಚು ಹೊಲಿಯಲೆಂದು ಅಮ್ಮ ಕೊಟ್ಟ ರೇಷ್ಮೆ ಸೀರೆಯನ್ನೂ ಹಾಗೇ ಊದಿದಾಗ ಅಮ್ಮ, "ಅಣ್ಣಾ, ಅದು ಸೀರೆ, ಬಿಸಿ ಕಾಫಿ ಅಲ್ಲ" ಅಂದಿದ್ದಳು.

ಅವರು ನಮಗೆ ರಕ್ತ ಸಂಬಂಧವೇನೂ ಅಲ್ಲ. ಲಕ್ಷ್ಮೀಪುರಂನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಬೀದಿಗೆ ತೆರೆದ ಕೋಣೆಯೇ ಹೊಲಿಗೆ ಅಂಗಡಿ. ತೀರಿಹೋದ ನಮ್ಮ ತಂದೆ ಅವರನ್ನು 'ಅಣ್ಣ' ಅನ್ನುತ್ತಿದ್ದುದರಿಂದ ನನಗೆ ಅವರು ದೊಡ್ಡಪ್ಪ. ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಓದಿ, ವಾಯುಪಡೆ ಸೇರಿ, ಅಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬಟ್ಟೆಯ ಕೆಲಸ ಮಾಡಿ ಬಂದವರು. ಬಾಗಿಲ ಮೇಲೆ 'ಟೈಲರ್' ಎಂಬ ಬೋರ್ಡಿತ್ತು. ಆದರೆ ಮೈಮೇಲೆ ಹಾಕಿಕೊಳ್ಳುವಂಥದ್ದು ಯಾವುದೂ ಅವರಿಗೆ ಹೊಲಿಯಲು ಬರುತ್ತಿರಲಿಲ್ಲ. ಸ್ಕೂಟರ್ ಸೀಟಿನ ಕವರು, ಸ್ಕೂಲ್ ಬ್ಯಾಗು, ಮಳೆಗಾಲದ ಟಾರ್ಪಾಲು, ಇವುಗಳಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಅಮ್ಮನಿಗೆ ಒಂದೇ ಒಂದು ರವಿಕೆ ಹೊಲಿದುಕೊಟ್ಟಿದ್ದರು. "ಎಂಥಾ ಗಾಳಿ ಬಂದ್ರೂ ಇದಕ್ಕೇನೂ ಆಗಲ್ಲ ಕಣಮ್ಮ" ಎಂದು ಜಂಬದಿಂದ ಹೇಳಿದರು. ಅಮ್ಮ ಹಾಕಿಕೊಂಡು ನೋಡಿ, "ಹೌದಣ್ಣ, ಉಸಿರೂ ಒಳಗೆ ಬರಲ್ಲ" ಅಂದಳು. ಆ ರವಿಕೆ ಆಮೇಲೆ ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳ ಚೀಲವಾಗಿ ಬಹಳ ವರ್ಷ ಬಾಳಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಡಕೊಳದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದೆ. ನಕ್ಷೆಗಳೆಲ್ಲ ಬೋರ್ಡಿನಿಂದ ಕಂಪ್ಯೂಟರಿಗೆ ಬಂದಿದ್ದವು, ನನಗೂ ಅದರ ರುಚಿ ಹತ್ತಿತ್ತು. ಮನೆಗೊಂದು ಹಳೆಯ ಕಂಪ್ಯೂಟರು ಕೊಂಡುಕೊಂಡೆ. ಅದರಲ್ಲಿ ವಿಮಾನ ಹಾರಿಸುವ ಒಂದು ಸಿಮ್ಯುಲೇಟರ್ ಇತ್ತು: ಕುರ್ಚಿಯಲ್ಲಿ ಕೂತೇ ಆಕಾಶದಲ್ಲಿರಬಹುದಾದ ಆಟ. ಹಳೆಯ ವಿಮಾನಗಳನ್ನು ತಾವೇ ರಚಿಸಿ ಅದರೊಳಗೆ ಹಾರಿಸುವ, ಎಲ್ಲರಿಗೂ ಹಂಚುವ ಹವ್ಯಾಸಿಗಳು ದೇಶ ದೇಶಗಳಲ್ಲಿ ಇದ್ದಾರೆಂದು ಸೈಬರ್ ಸೆಂಟರಿನಲ್ಲಿ ಗೊತ್ತಾಯಿತು. ನಾನೂ ಒಂದು ಮಾಡಬೇಕೆಂದು ಎರಡು ಎಂಜಿನ್ನಿನ ಒಂದು ಹಳೆಯ ಜೆಟ್ ಆರಿಸಿಕೊಂಡೆ. ಅದರ ಹೊಟ್ಟೆಗೆ ಬಳಿದ ಹಳದಿ ಕಪ್ಪು ಓರೆ ಪಟ್ಟೆಗಳು ಕಣಜದ ಹಾಗೆ ಚೆಂದ ಕಂಡವು, ಕಾರಣ ಅಷ್ಟೇ.

ಕಂಪ್ಯೂಟರಿಗೆ ದೂಳು ಕೂರದ ಹಾಗೆ ಬಟ್ಟೆಯ ಕವರು ಹೊಲಿಸುವುದು ಆಗ ರೂಢಿ. ಅಳತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ದೊಡ್ಡಪ್ಪನ ಅಂಗಡಿಗೆ ಹೋದೆ. ಅವರು ಅಳತೆ ಓದಿ, ಹಾಳೆ ತಿರುಗಿಸಿದರು. ಹಿಂದೆ ನನ್ನ ಜೆಟ್ಟಿನ ನಕ್ಷೆ ಇತ್ತು. ಮಿಷನ್ನಿನ ಚಕ್ರದ ಮೇಲಿದ್ದ ಕೈ ಅಲ್ಲೇ ನಿಂತಿತು.

"ಈ ಏರ್‌ಕ್ರಾಫ್ಟು ನಿನ್ನತ್ರ ಎಂಗೆ ಬಂತು?" ಅವರು ಯಾವತ್ತೂ ವಿಮಾನ ಅಂದವರಲ್ಲ.

"ಕಂಪ್ಯೂಟರಲ್ಲಿ ಹಾರಿಸಕ್ಕೆ ನಾನೇ ಮಾಡ್ತಿದೀನಿ ದೊಡ್ಡಪ್ಪ."

ಹಾಳೆಯನ್ನು ಬೆಳಕಿಗೆ ಹಿಡಿದು ಮೂತಿಯಿಂದ ಬಾಲದವರೆಗೆ ಬೆರಳಾಡಿಸಿದರು. ಬೆರಳು ಬಾಲವನ್ನೂ ದಾಟಿ, ಖಾಲಿ ಕಾಗದದ ಮೇಲೆ ಹೋಗಿ ನಿಂತಿತು. "ನನ್ನ ಸ್ಲೀವ್ ಎಲ್ಲಿ?"

ಆಗ ತಿಳಿಯಿತು, ಅದು ಗುರಿ ಎಳೆಯುವ ಜೆಟ್ ಎಂದು. ಫಿರಂಗಿಯವರಿಗೆ ಹಾರುವ ವಸ್ತುವಿಗೆ ಗುಂಡು ಹೊಡೆಯುವ ಅಭ್ಯಾಸವಾಗಬೇಕಲ್ಲ, ಅದಕ್ಕೆ ಜೆಟ್ಟು ಉದ್ದನೆಯ ಉಕ್ಕಿನ ಹಗ್ಗದ ತುದಿಗೆ ಒಂದು ಬಟ್ಟೆಯ ಕೊಳವೆ ಕಟ್ಟಿಕೊಂಡು ಸಮುದ್ರದ ಮೇಲೆ ಹಾರುತ್ತಿತ್ತಂತೆ. ಆ ಕೊಳವೆಯೇ ಸ್ಲೀವ್. ಹೊಟ್ಟೆಯ ಹಳದಿ ಪಟ್ಟೆ ಚೆಂದಕ್ಕಲ್ಲ; ನನಗೆ ಹೊಡೆಯಬೇಡಿ, ಹಿಂದಿರುವುದಕ್ಕೆ ಹೊಡೆಯಿರಿ ಎಂದು ಹೇಳುವುದಕ್ಕೆ. ಹಿಂದಿರುವುದನ್ನು ಹೊಲಿಯುತ್ತಿದ್ದವರು ದೊಡ್ಡಪ್ಪ.

"ಇಪ್ಪತ್ತು ವರ್ಷ ಹೊಲ್ದೆ ಕಣಮ್ಮ. ಹಾರೋದನ್ನ ಒಂದಿನಾನೂ ನೋಡ್ಲಿಲ್ಲ" ಅಂದರು. "ನಾವು ಷೆಡ್ಡಲ್ಲಿ. ಅದು ಸಮುದ್ರದ ಮೇಲೆ. ಮಡಿಸಿ ಕೊಡ್ತಿದ್ದೆ, ಲಾರೀಲಿ ಮುದ್ದೆಯಾಗಿ ಬರೋದು. ಆಫೀಸರು ತೂತು ಎಣಿಸ್ಕೊಂಡು ಹೋಗೋರು, ನಾನು ತೇಪೆ ಹಾಕ್ತಿದ್ದೆ. ಮಡಿಸ್ಕೊಟ್ಟೆ, ತೂತಾಗಿ ಬಂತು. ಮಧ್ಯದಲ್ಲಿ ಏನು ನಡೀತು ಅಂತ ನಂಗೆ ಗೊತ್ತೇ ಇಲ್ಲ." ಹಾಳೆಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಡಬ್ಬದಲ್ಲಿ ತೋರಿಸಕ್ಕೆ ಆಯ್ತದಾ?" ಎಂದರು.

"ತೋರಿಸ್ತೀನಿ ಬುಡಿ" ಅಂದೆ. ಮಾತು ಕೊಡುವುದು ಎಷ್ಟು ಸುಲಭ.

ಕವರು ಒಂದೇ ವಾರದಲ್ಲಿ ಬಂತು. ಹಿಂಭಾಗದಲ್ಲಿ ಅಂಗೈಯಗಲದ ಕಿಂಡಿ ಬಿಟ್ಟಿದ್ದರು. ಸ್ಲೀವಿಗೆ ಮುಂದೆ ದೊಡ್ಡ ಬಾಯಿ, ಹಿಂದೆ ಸಣ್ಣ ದಾರಿ ಇರಬೇಕಂತೆ. ದಾರಿ ಇಲ್ಲದಿದ್ದರೆ ಗಾಳಿ ತುಂಬಿ ಹರಿಯುತ್ತದೆ, ಜಾಸ್ತಿ ಇದ್ದರೆ ಜೋತುಬೀಳುತ್ತದೆ. "ಬಾಲದಲ್ಲಿ ದಾರಿ ಬಿಡು" ಎಂಬ ಈ ಮಾತನ್ನು ಅವರು ಕಂಡದ್ದಕ್ಕೆಲ್ಲ ಹಚ್ಚುತ್ತಿದ್ದರು. ಕಾರ್ಖಾನೆಯಲ್ಲಿ ಮೇಲಿನವರ ಜೊತೆ ಜಗಳವಾಡಿ ಮೂರು ದಿನ ಮುಖ ಊದಿಸಿಕೊಂಡಿದ್ದಾಗ ನನಗೂ ಅದೇ ಹೇಳಿದರು: "ಒಳಗೆ ಬಂದಿದ್ದು ಆಚೆ ಹೋಗ್ಲಿ ಬುಡಮ್ಮ. ಇಡ್ಕೊಂಡ್ರೆ ಹೊಲಿಗೆ ಹೋಯ್ತದೆ."

ಪ್ರತಿ ಭಾನುವಾರ ಬೆಳಿಗ್ಗೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ನಾನೋ ಜೆಟ್ಟಿನ ಮೋಹದಲ್ಲಿ ಮುಳುಗಿದ್ದೆ. ರೆಕ್ಕೆಯ ಒಂದೊಂದು ಮೊಳೆ, ಚಕ್ರ ಮಡಿಚುವ ಗೂಡು, ಪೈಲಟ್ಟಿನ ಮುಂದಿನ ಗಡಿಯಾರದಂಥ ಡಯಲುಗಳು, ಹೀಗೆ ಒಂದು ವರ್ಷವಾಯಿತು, ಇನ್ನೊಂದಾಯಿತು. ಸ್ಲೀವ್ ಕೊನೆಗೆ ಎಂದು ಇಟ್ಟುಕೊಂಡಿದ್ದೆ. ಬಟ್ಟೆ ತಾನೆ, ಎಷ್ಟು ಹೊತ್ತಿನ ಕೆಲಸ.

"ಕೆಲವು ಗನ್ನರ್‌ಗಳು ಇರ್ತಿದ್ರು" ಎಂದರು ಒಂದು ದಿನ, ಗೋಡೆಯ ಕಡೆ ನೋಡುತ್ತ. "ಬಟ್ಟೆಗೆ ಗುರಿ ಇಡ್ರಯ್ಯಾ ಅಂದ್ರೆ ಏರ್‌ಕ್ರಾಫ್ಟೇ ನೋಡ್ಕೊಂಡು ಕೂರೋರು. ನೀನೂ ಅದೇ ಜಾತಿ."

ಅಮ್ಮ ಬಾಗಿಲಿಂದಲೇ, "ಇವಳಿಗೆ ಬಟ್ಟೆ ವಿಚಾರ ನೀವು ಹೇಳಬೇಡಿ ಅಣ್ಣ, ನನ್ನ ರವಿಕೆ ನೆನಪಾಗ್ತದೆ" ಅಂದಳು.

ಅಂಥ ಇನ್ನೊಂದು ಭಾನುವಾರ. ಅಮ್ಮ ಕಾಫಿಯ ಲೋಟವನ್ನು ಅವರ ಬಲಗಡೆ, ಮೇಜಿನ ಅಂಚಿನಲ್ಲಿ ಇಟ್ಟಳು. ದೊಡ್ಡಪ್ಪ ಏನೋ ತೋರಿಸಲು ಕೈ ಚಾಚಿದರು, ಲೋಟ ಉರುಳಿತು. ಹಿಂದಿನ ವಾರವೂ ಹಾಗೇ ಆಗಿತ್ತು. "ಕಣ್ಣೆದುರಿಗೇ ಇಟ್ಟಿದ್ದೀನಲ್ಲ ಅಣ್ಣ" ಎಂದಳು ಅಮ್ಮ.

"ಕಣ್ಣೆದುರಿಗೆ ಇಟ್ರೆ ಕಾಣ್ತದಮ್ಮ. ಪಕ್ಕದಲ್ಲಿ ಇಟ್ಟಿದ್ದು ಕಾಣಲ್ಲ" ಎಂದು ಮೆಲ್ಲಗೆ ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ. ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು, ಉಳಿದದ್ದು ನಡುವಿನ ಒಂದು ತಟ್ಟೆಯಗಲ. ಹೋದದ್ದು ಬರುವುದಿಲ್ಲ, ಇರುವುದು ಎಷ್ಟು ದಿನವೋ ಹೇಳಲಾಗುವುದಿಲ್ಲ ಎಂದಿದ್ದರಂತೆ ಡಾಕ್ಟರು. ಸೂಜಿಗೆ ದಾರ ಪೋಣಿಸುವುದನ್ನು ಕೈಯ ಅಭ್ಯಾಸದ ಮೇಲೆ ನಡೆಸಿದ್ದರು. ಯಾರಿಗೂ ಹೇಳಿರಲಿಲ್ಲ. ನನ್ನನ್ನು ಅವಸರಪಡಿಸಿದಂತಾಗುತ್ತದೆ ಎಂದು ನನಗಂತೂ ಹೇಳಿರಲಿಲ್ಲ.

ನಾನು ತಲೆ ಎತ್ತಲಿಲ್ಲ. ತೆರೆಯ ಮೇಲೆ ಇಂಧನದ ಡಯಲಿನ ಒಂದು ಮುಳ್ಳು ಮೂರು ವಾರದಿಂದ ನನ್ನ ಕೈಯಲ್ಲಿ ಸರಿಹೋಗುತ್ತಾ ಇತ್ತು.

ಅವತ್ತೇ ಜೆಟ್ಟನ್ನು ಬದಿಗಿಟ್ಟು ಸ್ಲೀವಿಗೆ ಕೈ ಹಾಕಿದೆ. ಮುಂದಿನ ಭಾನುವಾರಕ್ಕೆ ತೋರಿಸಿದೆ. ತೆರೆಯ ಹತ್ತಿರ ಮುಖ ತಂದು ನೋಡಿ, "ಇದು ಪೈಪು ಕಣಮ್ಮ" ಅಂದರು. "ಮುನ್ಸಿಪಾಲ್ಟಿಯೋರು ನೆಲದಾಗೆ ಹೂಳ್ತಾರಲ್ಲ, ಅದು. ಬಟ್ಟೆ ಉಸಿರಾಡ್ತದೆ."

ಹೇಗೆ ಉಸಿರಾಡುತ್ತದೆ ಎಂದರೆ ಅವರಿಗೂ ಗೊತ್ತಿಲ್ಲ, ನೋಡಿದವರಲ್ಲವಲ್ಲ. ಎರಡು ದಿನ ಬಿಟ್ಟು ಅವರು ಒಂದು ಮರಿ ಸ್ಲೀವ್ ಹೊಲಿದು ತಂದರು: ನನ್ನ ತೋಳಿನುದ್ದದ್ದು, ಬಾಯಿಗೆ ತಂತಿಯ ಬಳೆ. ಆಷಾಢದ ಗಾಳಿ ಜೋರಾಗಿತ್ತು, ಆದರೂ ತಾರಸಿಯ ಮೇಲೆ ಅದು ಒಮ್ಮೆ ಎದ್ದು ಹತ್ತು ಸಲ ಬಿತ್ತು. "ಎಳೀಬೇಕಮ್ಮ" ಎಂದರು. "ಎಳೆಯೋರು ಬೇಕು, ಹಿಂದಕ್ಕೆ ನೋಡೋರೊಬ್ಬರು ಬೇಕು."

ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಎಪ್ಪತ್ತರ ಆ ಮನುಷ್ಯ ಬೆನ್ನಿಗೆ ಬೆನ್ನು ಕೊಟ್ಟು ಹಿಮ್ಮುಖವಾಗಿ ಕೂತರು. ಬೀಳದಿರಲೆಂದು ಇಬ್ಬರ ಸೊಂಟಕ್ಕೂ ಸೇರಿಸಿ ಸೀಟಿನ ಕವರಿನ ಪಟ್ಟಿ ಬಿಗಿದಿದ್ದರು. ರಾಮಕೃಷ್ಣನಗರ ದಾಟಿ ರಿಂಗ್ ರೋಡಿಗೆ ಬಂದೆವು. ಆಗಿನ್ನೂ ಅಲ್ಲಿ ವಾಹನಗಳು ಕಡಿಮೆ. ನಾನು ವೇಗ ಹೆಚ್ಚಿಸಿದೆ, ಅವರು ಹುರಿ ಬಿಡುತ್ತ ಹೋದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಗಾಬರಿಯಾಗಿ ಕೂಗಿದೆ, "ದೊಡ್ಡಪ್ಪ, ಇದ್ದೀರಾ?"

"ಬಾಯಿ ಮೊದಲು ಅಗಲ ಆಯ್ತದೆ" ಎಂದು ಬೆನ್ನ ಹಿಂದಿಂದ ಧ್ವನಿ ಬಂತು. "ಆಮೇಲೆ ಹೊಟ್ಟೆ ತುಂಬ್ತದೆ. ಬಾಲ ಕೊನೇಗೆ. ಎಡಕ್ಕೆ ಎರಡು ಸಲ, ಬಲಕ್ಕೆ ಒಂದು ಸಲ. ನೆನಪಿಟ್ಕೊ."

ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. "ಏನ್ ಯಜಮಾನ್ರೇ, ಗಾಳಿಪಟಾನಾ?"

"ಅಲ್ಲ ಸ್ವಾಮಿ, ಗುಂಡು ಹೊಡೆಸ್ಕೊಳ್ಳೋದು."

ಅವರು ದೊಡ್ಡಪ್ಪನನ್ನು ನೋಡಿದರು, ಪಟ್ಟಿ ನೋಡಿದರು, ನನ್ನನ್ನು ನೋಡಿದರು. "ತಾತನ್ನ ಮುಂದಕ್ಕೆ ತಿರುಗಿಸಿ ಕೂರಿಸ್ಕೊಂಡು ಮನೆಗೆ ಹೋಗಮ್ಮ." ತಿರುವು ದಾಟುವವರೆಗೆ ದೊಡ್ಡಪ್ಪ ಮುಂದಕ್ಕೆ ಕೂತಿದ್ದರು. ಆಮೇಲೆ ಮತ್ತೆ ಹಿಂದಕ್ಕೆ ತಿರುಗಿದರು. ಮನೆ ಮುಂದೆ ಇಳಿಯುವಾಗ ಕಣ್ಣಲ್ಲಿ ಗಾಳಿಗೆ ನೀರು. "ಮರಿ ಚೆನ್ನಾಗಿ ಹಾರ್ತು. ತಾಯಿ ಯಾವಾಗ?" ಎಂದರು.

ಅವರು ಹೇಳಿದಂತೆ ಎಂಟು ಬೇರೆ ಬೇರೆ ಸ್ಲೀವ್ ರಚಿಸಿದೆ, ಒಂದೊಂದೂ ಉಸಿರಿನ ಒಂದೊಂದು ಘಟ್ಟ. ಒಂದಾದ ಮೇಲೊಂದು ಕಾಣಿಸಿ ಮರೆಯಾದರೆ ಬಟ್ಟೆ ಬದುಕಿದಂತಾಗುತ್ತಿತ್ತು. ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರ ನೋಟದ ತಟ್ಟೆ ಲೋಟದ ಬಾಯಿಯಷ್ಟಾಗಿತ್ತು.

ತೋರಿಸಿದ ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬೇರೆ ಟೈಲರ್ ಹತ್ತಿರ ಹೊಲಿಸಿದ್ದು. ಜೆಟ್ಟನ್ನು ಸಮುದ್ರದ ಮೇಲೆ ತಂದು, ನೋಟವನ್ನು ಬಾಲದಿಂದ ಹಿಂದಕ್ಕೆ ತಿರುಗಿಸಿ, ಹಗ್ಗ ಬಿಟ್ಟೆ. ಎಲ್ಲ ಒಟ್ಟಿಗೆ ಅವರಿಗೆ ಕಾಣುವಂತಿರಲಿಲ್ಲ. ಗಾಜಿಗೆ ಒಂದು ಗೇಣು ದೂರದಲ್ಲಿ ಮುಖ ಇಟ್ಟು, ಕತ್ತನ್ನು ನಿಧಾನವಾಗಿ ಹೊರಳಿಸುತ್ತ, ಹಗ್ಗ ಹಿಡಿದುಕೊಂಡು ನಡೆಯುವವರಂತೆ ಬಾಲದಿಂದ ಹೊರಟು ತುದಿ ತಲುಪಿದರು. ಅಲ್ಲಿ ನಿಂತರು. ಬಾಯಿ ಅಗಲವಾಯಿತು, ಹೊಟ್ಟೆ ತುಂಬಿತು, ಬಾಲ ಎಡಕ್ಕೆ ಎರಡು ಸಲ, ಬಲಕ್ಕೆ ಒಂದು ಸಲ. ಅವರ ಮೀಸೆ ಎದ್ದು ನಿಂತದ್ದು ಕಂಡು ನೋಡಿದೆ: ತಮಗೇ ತಿಳಿಯದೆ ಮೆಲ್ಲಗೆ ಊದುತ್ತಿದ್ದರು.

ನನ್ನಲ್ಲಿ ಇನ್ನೊಂದು ಕರಾಮತ್ತಿತ್ತು. ಇನ್ನೊಂದು ವಿಮಾನದಿಂದ ಗುಂಡು ಹೊಡೆದರೆ ಸ್ಲೀವಿನ ಮೇಲೆ ನಿಜವಾಗಿ ತೂತು ಬೀಳುವಂತೆ ಮಾಡಿಟ್ಟಿದ್ದೆ. ಮೆಚ್ಚುತ್ತಾರೆಂದು, "ಹೊಡೀಲಾ ದೊಡ್ಡಪ್ಪ?" ಎಂದೆ.

"ಸುಮ್ನಿರಮ್ಮ" ಎಂದರು, ಮುಖ ತಿರುಗಿಸದೆ. "ಈಗ ತಾನೆ ಮೇಲಕ್ಕೆ ಹೋಗಿದೆ." ಆಮೇಲೆ, "ಮೇಲಕ್ಕೆ ಹೋಗಿದ್ದನ್ನ ತೂತಿಲ್ಲದಂಗೆ ನೋಡಿದ್ದು ಇದೇ ಮೊದಲು" ಎಂದರು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು, ರವಿಕೆಯ ಮಾತು ಎತ್ತಲಿಲ್ಲ. ಹತ್ತಿರ ಬಂದು ಲೋಟವನ್ನು ಮೇಜಿನ ಮೇಲಿಡದೆ ಅವರ ಕೈಗೇ ಕೊಟ್ಟಳು.

ಅದಾಗಿ ಎರಡು ವರ್ಷ ಇದ್ದರು, ಕೊನೆಯ ವರ್ಷ ಪೂರ್ತಿ ಕತ್ತಲೆ. ಆಗಲೂ ಬಟ್ಟೆ ಊದುವುದು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಪದ್ಧತಿಯಂತೆ ಕೂರಿಸಿ, ಹೂವಿನ ವಿಮಾನ ಕಟ್ಟಿ ಹೊತ್ತುಕೊಂಡು ಹೋದರು. ಗಾಳಿ ಇತ್ತು. ವಿಮಾನದ ಹಿಂದೆ ಬಿಟ್ಟಿದ್ದ ಬಿಳಿ ಬಟ್ಟೆ ತುಂಬಿಕೊಂಡು ಏಳುತ್ತಿತ್ತು. ನಾನು ಬೀದಿಯ ತಿರುವಿನವರೆಗೆ ಅದನ್ನೇ ನೋಡಿದೆ.

ಜೆಟ್ಟನ್ನು ಎಲ್ಲರಿಗೂ ಹಂಚಿದೆ. ಪರದೇಶದವರು ಡಯಲುಗಳನ್ನು ಹೊಗಳಿ ಬರೆದರು. ಒಬ್ಬರು ಮಾತ್ರ ಒಂದು ದೋಷ ಎತ್ತಿ ತೋರಿಸಿದ್ದರು: ಎಷ್ಟು ಹತ್ತಿರದಿಂದ, ಎಷ್ಟು ಸರಿಯಾಗಿ ಹೊಡೆದರೂ ನಿಮ್ಮ ಸ್ಲೀವಿಗೆ ತೂತು ಬೀಳುತ್ತಿಲ್ಲ, ದಯವಿಟ್ಟು ಸರಿಪಡಿಸಿ. ನೋಡುತ್ತೇನೆ ಎಂದು ಮರ್ಯಾದೆಯಿಂದ ಉತ್ತರ ಬರೆದೆ. ತೂತುಗಳನ್ನು ಆ ಭಾನುವಾರವೇ ನಾನು ಅಳಿಸಿಹಾಕಿದ್ದೆ.