ಹಿಡಿದ ಕೈ

ನಮ್ಮ ಕಾಲೇಜಿನ ಪಿ.ಟಿ. ಸರ್ ಅವರ ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ ಇತ್ತು. ವರ್ಷಗಟ್ಟಲೆ ಸಿಂಧನೂರಿನ ಬಿಸಿಲಿನಲ್ಲಿ ನಿಂತು ಅವರ ಮೈಯೆಲ್ಲ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದರೂ, ಸೀಟಿಯ ದಾರ ಕೂತ ಜಾಗ ಮಾತ್ರ ಬೆಳ್ಳಗೇ ಉಳಿದಿತ್ತು. ಕೊರಳಲ್ಲಿ ಶಿವದಾರ, ಅದರ ಮೇಲೆ ಸೀಟಿದಾರ. ಯಾವುದನ್ನು ತೆಗೆದಿಟ್ಟರೆ ಸರ್‌ಗೆ ಹೆಚ್ಚು ಪಾಪ ಬರುತ್ತದೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಕೇಳಿಸಿದರೂ ಅವರು ಸಿಟ್ಟು ಮಾಡಿದವರಲ್ಲ. ಒಂದು ಸಲ ಸೀಟಿ ಊದಿ, ನಕ್ಕವರನ್ನೆಲ್ಲ ಮೈದಾನ ಸುತ್ತಿ ಬರಲು ಓಡಿಸುತ್ತಿದ್ದರು, ಅಷ್ಟೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಮೈದಾನವೆಂದರೆ ಬರೀ ಎರೆಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟರೆ ಚೆಂಡು ಬಿರುಕಿನೊಳಗೆ ಹೋಗಿ ಕೂರುತ್ತಿತ್ತು. ನಾವು ಬೆರಳು ಹಾಕಿ ಕೆದಕುವಷ್ಟರಲ್ಲಿ ಬ್ಯಾಟ್ಸ್‌ಮನ್ ಬೇಕಾದಷ್ಟು ಓಡಿಕೊಳ್ಳುತ್ತಿದ್ದ. ಆ ನೆಲದ ಮೇಲೆ ಹಾಸಲು ಒಂದು ಮ್ಯಾಟು. ಅದನ್ನು ಸುರುಳಿ ಸುತ್ತಿ ಹೊರುವಾಗ ಸರ್ ಮುಂದಿನ ತುದಿಗೆ ತಾವೇ ಹೆಗಲು ಕೊಡುತ್ತಿದ್ದರು. ಅವರ ಊರು ಪಾಮನಕಲ್ಲೂರು, ಮಳೆ ನಂಬಿದ ಒಣ ಬೇಸಾಯದ ಮನೆತನ. ನಾನು ವಳಕಮದಿನ್ನಿಯ ಭತ್ತದ ಗದ್ದೆಯವನು. ಕಾಲುವೆ ನೀರು ಕುಡಿದವರಿಗೆ ಹುಮ್ಮಸ್ಸು ಕಡಿಮೆ ಎಂದು ಅವರು ನನ್ನನ್ನು ಕಾಡುತ್ತಿದ್ದರು.

ಕ್ರಿಕೆಟ್‌ನಲ್ಲಿ ಅವರಿಗೆ ಒಂದೇ ಹುಚ್ಚು. ಹೊಸ ಚೆಂಡು ಯಾರ ಕೈಗೆ ಕೊಡಬೇಕು, ಕಾಲೇಜಿನ ಒಂದನೇ ಬೌಲರ್ ಯಾರು ಎನ್ನುವುದು. ಉಳಿದ ಹತ್ತು ಜನರನ್ನು ಚಹಾ ಕುಡಿಯುತ್ತ ಆರಿಸಿಬಿಡುತ್ತಿದ್ದರು. ಈ ಒಬ್ಬನ ವಿಷಯಕ್ಕೆ ಬಂದರೆ ಊಟ ಸೇರುತ್ತಿರಲಿಲ್ಲ. ಎಷ್ಟು ವಿಕೆಟ್ ತೆಗೆದಿದ್ದಾನೆ, ಎಷ್ಟು ವೇಗವಾಗಿ ಹಾಕುತ್ತಾನೆ ಎಂಬುದರಿಂದ ಅವರಿಗೆ ತೃಪ್ತಿಯಿಲ್ಲ. ಆ ಹೊತ್ತಿಗೆ ಕೈ ಹಿಡಿದಿರಬೇಕು ಎನ್ನುತ್ತಿದ್ದರು.

"ಕೂರಿಗಿಗೆ ಬೀಜ ಬಿಡಾಕ ಮನ್ಯಾಗಿನ ಎಲ್ಲಾರೂ ಬರಂಗಿಲ್ಲಲೇ. ಬಿತ್ತನಿ ದಿನ ಯಾರ ಕೈ ಹಿಡದೈತಿ, ಅವರನ್ನ ನಿಂದ್ರಸ್ತಾರ. ಹೊಸಾ ಚೆಂಡೂ ಹಂಗ."

ಅವರ ಬಾಯಲ್ಲಿ ಕೈ ಹಿಡಿಯುವುದೆಂದರೆ ಕೈ ಹದಕ್ಕೆ ಬರುವುದು, ಚೆಂಡು ಅಂದುಕೊಂಡ ಕಡೆ ಬೀಳುವುದು. ಪಂದ್ಯದ ದಿನ ಬೆಳಿಗ್ಗೆ ಬೌಲರುಗಳನ್ನು ಕರೆದು, ಕೈ ಹ್ಯಾಂಗೈತಿ ಎಂದು ಕೇಳುತ್ತಿದ್ದರು. ಉತ್ತರ ಕೇಳಿಯೇ ತೀರ್ಮಾನ.

ಆ ವರ್ಷ ಮಸ್ಕಿಯಿಂದ ಖಾಜಾ ಬಂದು ಸೇರಿದ. ಅವನ ತಂದೆಯದು ಅಲ್ಲಿನ ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ. ಮಾತು ಕಡಿಮೆ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಅಳೆದು ತೂಗಿದ ಕನ್ನಡ. ಆದರೆ ಚೆಂಡು ಕೈಗೆ ಕೊಟ್ಟರೆ ಎದುರಿನವನು ಹೆಲ್ಮೆಟ್ ಇಲ್ಲದ ತನ್ನ ತಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಲ್ಲಿಯವರೆಗೆ ಹೊಸ ಚೆಂಡು ನನ್ನದಾಗಿತ್ತು. ಹೊಟ್ಟೆಕಿಚ್ಚು ಆಗಲಿಲ್ಲವೆಂದರೆ ಯಾರೂ ನಂಬಲಾರರು, ಆಗಿತ್ತು. ಆದರೂ ಅವನು ಓಡಿ ಬರುವುದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟವಾಗಿತ್ತು.

ಲಿಂಗಸುಗೂರಿನಲ್ಲಿ ಅಂತರ ಕಾಲೇಜು ಪಂದ್ಯಗಳ ಫೈನಲ್. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಬರುವವರಿದ್ದರು. ಯಾರು ಮೊದಲು ಹಾಕುತ್ತಾರೋ ಅವರ ಮೇಲೆ ಕಣ್ಣು ಎಂದು ಎಲ್ಲರಿಗೂ ಗೊತ್ತಿತ್ತು. ಆ ತಂಡಕ್ಕೆ ಸೇರಿದವರಿಗೆ ಆಟದ ಕೋಟಾದಲ್ಲಿ ನೌಕರಿ ಸಿಗುತ್ತಿದ್ದ ಕಾಲ. ಖಾಜಾನ ಮನೆಯವರೆಲ್ಲ ಆ ನೌಕರಿಯ ದಾರಿಯನ್ನೇ ನೋಡುತ್ತಿದ್ದರು. ಸರ್‌ಗೆ ಮನಸ್ಸು ಗಟ್ಟಿಯಾಗಲಿಲ್ಲ. ಹಿಂದಿನ ದಿನ ನಮ್ಮಿಬ್ಬರನ್ನೂ ಒಂದೇ ಸ್ಟಂಪಿಗೆ ಹಾಕಲು ನಿಲ್ಲಿಸಿದರು. ಮಧ್ಯಾಹ್ನ ಶುರುವಾದದ್ದು ಸ್ಟಂಪು ಕಾಣದಂತಾಗುವವರೆಗೆ ನಡೆಯಿತು. ನಾನು ನಡುನಡುವೆ ಕಳ್ಳಾಟ ಆಡಿ ಮೆಲ್ಲಗೆ ಹಾಕಿದೆ. ಖಾಜಾನಿಗೆ ಆ ವಿದ್ಯೆ ಬರುತ್ತಿರಲಿಲ್ಲ.

ಬೆಳಿಗ್ಗೆ ಲಿಂಗಸುಗೂರಿನ ಮೈದಾನದಲ್ಲಿ ಸರ್ ನನ್ನನ್ನು ಮೊದಲು ಕೇಳಿದರು. ಇನ್ನೂ ಹಿಡಿದಿಲ್ಲ ಎಂದೆ, ಅದು ನಿಜವಿತ್ತು. ಅವನ ಕಡೆ ತಿರುಗಿದರು.

"ನಿನ್ನ ಕೈ ಹ್ಯಾಂಗೈತೋ ಖಾಜಾ?"

"ಹಿಡದೈತ್ರಿ ಸರ್."

ಸರ್ ಮುಖ ಅರಳಿತು. ಹೊಸ ಚೆಂಡನ್ನು ಅವನ ಅಂಗೈಯಲ್ಲಿಟ್ಟು, "ಹಾಕ್ಕೋತ ಹೋಗು, ನಿಲ್ಲಿಸಬ್ಯಾಡ" ಎಂದರು.

ಅವನು ನಿಲ್ಲಿಸಲಿಲ್ಲ. ಎದುರಿನ ತಂಡ ಉದುರುತ್ತಲೇ ಹೋಯಿತು. ಆರಿಸಲು ಬಂದವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಪ್ರತಿ ಓವರ್ ಮುಗಿದಾಗ ಅವನು ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದುದನ್ನು ಎಲ್ಲರೂ ನೋಡಿದೆವು. ದಣಿದಿದ್ದಾನೆ ಅಂದುಕೊಂಡೆವು. ಕೊನೆಗೆ ಒಂದು ಚೆಂಡು ಅವನ ಕೈಯಿಂದ ಮುಂದಕ್ಕೆ ಹೋಗದೆ ಕಾಲ ಬುಡದಲ್ಲೇ ಬಿತ್ತು. ಅವನು ಮ್ಯಾಟಿನ ಮೇಲೆ ಕೂತ.

ದವಾಖಾನೆಯಲ್ಲಿ ಡಾಕ್ಟರು ಭುಜ ಮುಟ್ಟಿ ನೋಡಿ, ನೋವು ಯಾವಾಗಿನಿಂದ ಎಂದು ಕೇಳಿದರು. ಸರ್ ಪಕ್ಕದಲ್ಲೇ ಇದ್ದರು, ನಾನೂ ಇದ್ದೆ.

"ಮುಂಜಾನಿಂದ ಹಿಡದಿತ್ರಿ. ಸರ್‌ಗೆ ಹೇಳಿದ್ನಿ. ಹಾಕ್ಕೋತ ಹೋಗು ಅಂದ್ರು, ಹಾಕಿದ್ರ ಬಿಡ್ತೈತಿ ಅನ್ಕೊಂಡ್ನಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ಸೊಂಟ ಹಿಡಿದಿದೆ, ಕುತ್ತಿಗೆ ಹಿಡಿದಿದೆ ಎಂದು ಊರೆಲ್ಲ ಹೇಳುವ ಹಾಗೆ ಅವನು ಕೈ ಹಿಡಿದಿದೆ ಎಂದಿದ್ದ. ಅವರ ಮನೆಯ ದಖನಿಯಲ್ಲೂ ನೋವಿಗೆ ಅದೇ ಮಾತು. ಆ ಮಾತಿಗೆ ಸರ್ ಕೊಡುತ್ತಿದ್ದ ಅರ್ಥ ಆ ವರ್ಷವಷ್ಟೇ ಬಂದ ಅವನಿಗೆ ತಿಳಿದಿರಲಿಲ್ಲ; ಸರ್ ಅದನ್ನು ತಮ್ಮ ಬಿತ್ತನೆಯ ಮಾತಾಗಿಯೇ ಕೇಳಿದ್ದರು. ಖಾಜಾನ ಬಲಗೈ ಆಮೇಲೆ ಭುಜದಿಂದ ಮೇಲಕ್ಕೆ ಏಳಲೇ ಇಲ್ಲ.

ವಿಶ್ವವಿದ್ಯಾಲಯದ ತಂಡಕ್ಕೆ ಅವನ ಜಾಗದಲ್ಲಿ ನಾನು ಹೋದೆ. ನನ್ನ ಹೆಸರು ಹೇಳಿದವರು ಸರ್. ಹೇಳಿದ ಮೇಲೆ ನನ್ನನ್ನು ಕರೆದು, ನೀನು ಎರಡನೆಯವನೇ, ಬೇಜಾರು ಮಾಡಿಕೊಳ್ಳಬೇಡ ಎಂದರು. ಆ ತಂಡದಲ್ಲಿ ಆಡಿದ್ದಕ್ಕೇ ನನಗೆ ಲಿಂಗಸುಗೂರಿನಲ್ಲಿ ಸರಕಾರಿ ನೌಕರಿ ಸಿಕ್ಕಿತು. ನಾನು ಉಣ್ಣುವ ಅನ್ನ ಒಂದು ತಪ್ಪು ಕೇಳಿಸಿಕೆಯಿಂದ ಬಂದದ್ದು.

ಆಮೇಲೆ ಸರ್ ಯಾವ ಹುಡುಗನನ್ನೂ ಕೈ ಹೇಗಿದೆ ಎಂದು ಕೇಳಲಿಲ್ಲ. ಬೌಲರುಗಳ ಹೆಸರು ಬರೆದು ಚೀಟಿ ಎತ್ತಿಸುತ್ತಿದ್ದರಂತೆ. ಯಾರು ಬಂದರೆ ಅವರು. ತಂಡ ಸೋಲುತ್ತ ಹೋಯಿತು, ಪ್ರಿನ್ಸಿಪಾಲರು ಗದರಿದರೂ ಇವರು ಚೀಟಿ ಬಿಡಲಿಲ್ಲ. ಮ್ಯಾಟು ಕೋಣೆ ಸೇರಿ ಇಲಿಗಳ ಪಾಲಾಯಿತು. ಸರ್ ತಮ್ಮ ಊರಿಗೆ ಹೋಗಬೇಕಾದರೆ ಮಸ್ಕಿ ದಾಟಲೇಬೇಕು. ಸೈಕಲ್ ಅಂಗಡಿ ಕಾಣದ ಬದಿಯ ಸೀಟು ಸಿಗದಿದ್ದರೆ ಆ ಬಸ್ಸನ್ನೇ ಬಿಡುತ್ತಿದ್ದರು. ನಾನು ಎದುರಾದಾಗಲೆಲ್ಲ ಒಂದೇ ಪ್ರಶ್ನೆ.

"ನೀ ಬಾಜೂಕ ಇದ್ದಿ. ಅಂವಾ ಹೆಂಗ ಅಂದಾ? ನಕ್ಕೋತ ಅಂದ್ನೋ, ಮಾರಿ ಸಣ್ಣದು ಮಾಡ್ಕೊಂಡು ಅಂದ್ನೋ?"

ನನಗೂ ನಿಮ್ಮ ಹಾಗೇ ಕೇಳಿಸಿತು ಸರ್ ಎಂದು ಪ್ರತಿ ಸಲ ಹೇಳುತ್ತಿದ್ದೆ. ನಿನಗೆ ಕೇಳಿಸಿದ್ದು ಕಟ್ಟಿಕೊಂಡು ನಾನೇನು ಮಾಡಲಿ ಎನ್ನುತ್ತಿದ್ದರು. ಒಮ್ಮೊಮ್ಮೆ ಅವರನ್ನು ಕಂಡು ನಾನು ಬೇರೆ ಓಣಿ ಹಿಡಿದದ್ದೂ ಉಂಟು.

ತೊಂಬತ್ತರ ದಶಕದ ನಡುವೆ ಒಂದು ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಸಿಕ್ಕೆವು. ಜನ ತುಂಬಿ ಸರ್‌ಗೆ ಅಂಗಡಿಯ ಬದಿಯ ಕಿಟಕಿಯೇ ಗತಿಯಾಯಿತು. ಮಸ್ಕಿಯಲ್ಲಿ ಬಸ್ಸು ನಿಂತಿತು. ಅಂಗಡಿ ಈಗ ಖಾಜಾನದು. ಎಡಗೈಯಿಂದ ಪಂಪು ಒತ್ತುತ್ತಿದ್ದವನು ನಮ್ಮನ್ನು ನೋಡಿ ಕಿಟಕಿಯ ಹತ್ತಿರ ಓಡಿ ಬಂದ. ಸಲಾಮು ಮಾಡಿ, ಇಳಿದು ಚಹಾ ಕುಡಿಯಿರಿ ಎಂದು ಬಲವಂತ ಮಾಡಿದ. ಸರ್ ಕಿಟಕಿಯ ಸರಳು ಹಿಡಿದುಕೊಂಡರು.

"ಖಾಜಾ, ಅವತ್ತು ಹಿಡದೈತಿ ಅಂದ್ಯಲ್ಲ. ಏನಂತ ತಿಳಕೊಂಡು ಅಂದಿ?"

ಖಾಜಾ ಅವರ ಮುಖವನ್ನು ನೋಡಿದ. ಕಂಡಕ್ಟರ್ ಸೀಟಿ ಊದಿದ.

"ಚಲೋ ಹಿಡದೈತಿ ಅಂತನ ಅಂದಿದ್ನಿ ಸರ್. ನೀವು ತಿಳಕೊಂಡದ್ದ ಖರೇ. ನೋವು ಆಮ್ಯಾಲ ಬಂತು."

ಬಸ್ಸು ಹೊರಟಿತು. ಸರ್ ನೆಮ್ಮದಿಯಿಂದ ಒರಗಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಅಳುತ್ತಿದ್ದರು. ಸುತ್ತ ಜನ ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ.

"ದವಾಖಾನಿಯಾಗ ನನ್ನ ಕಿವಿಲೇ ಕೇಳೀನಿ. ಅಂವನ ಕೈ ಕಳದೆ, ಈಗ ನನ್ನ ಸಲುವಾಗಿ ಅಂವನ ಕಡಿಂದ ಸುಳ್ಳೂ ಹೇಳಿಸಿದೆ."

ಆ ದಿನದಿಂದ ನನ್ನನ್ನು ಏನೂ ಕೇಳಲಿಲ್ಲ. ಕೇಳುತ್ತಿದ್ದಾಗಲೇ ಚೆನ್ನಾಗಿತ್ತು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ರಜೆ ಹಾಕಿ ಊರು ಸೇರಿದರು. ಊಟ ಬಿಟ್ಟರು, ಮಾತು ಬಿಟ್ಟರು. ಯಾವ ರೋಗವೆಂದು ಡಾಕ್ಟರಿಗೂ ತಿಳಿಯಲಿಲ್ಲ. ಹೋಗಿಬಿಟ್ಟರು ಎಂದು ಸುದ್ದಿ ಬಂದಾಗ ನಾನು ಕಚೇರಿಯಲ್ಲಿದ್ದೆ.

ನಾನು ಪಾಮನಕಲ್ಲೂರು ಮುಟ್ಟುವ ಹೊತ್ತಿಗೆ ಖಾಜಾ ಆಗಲೇ ಬಂದು ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ. ಒಳಗಿನ ಅಳು ಕೇಳುತ್ತಿತ್ತು. ಹೆಣ ಹೊರಗೆ ತರುವ ಮುಂಚೆ ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಅವತ್ತು ಬಸ್ಸಿನ ಬಾಜೂಕ ನಾ ಅಂದದ್ದು ಸರ್ ನಂಬಿದ್ರೇನು?"

"ನಂಬಿದ್ರು" ಎಂದೆ.

ಖಾಜಾ ನನ್ನ ಮುಖವನ್ನೇ ನೋಡಿದ. ಆಮೇಲೆ, ಹಂಗಾರ ಆತು ಬಿಡು ಎಂದು ಎದ್ದು ಹೋಗಿ ಸರ್ ಹೆಣಕ್ಕೆ ಎಡ ಹೆಗಲು ಕೊಟ್ಟ. ಅವನು ನನ್ನ ಮಾತನ್ನು ನಂಬಿದನೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.